ಹಸಿರು ಹೆಪ್ಪು

ನಮ್ಮವ್ವ ಹಾವಸಿಗೆ ಅಂಜತಿದ್ದಳು.
ಬಾವಿಯ ಮೂರನೇ ಮೆಟ್ಟಿಲ ಮ್ಯಾಲೆ ಜಾರಿ
ಮುಂಗೈ ಮುರಕೊಂಡ ವರ್ಷದಿಂದ
ಕೊಡದ ತಳ ಒಂದೀಟು ಹಸಿರಾದರೂ ಸಾಕು,
ಬೂದಿ, ತೆಂಗಿನ ನಾರು, ಗಸಗಸ.
ಹಸಿರು ಹೊಲದಾಗ ಇರಬೇಕು, ನೀರಾಗಲ್ಲ,
ಅದು ಆಕಿ ಕಾನೂನು.

ಈಗ ಆಕಿ ಮಗಳು ನಾನು, ಹುಸೇನಮ್ಮ,
ಸಿಂಧನೂರಿನಾಚೆ ಬಂಗಾಲಿ ಕ್ಯಾಂಪಿನಾಗ
ಹಾವಸಿ ಬೆಳೆಯೋ ಕೂಲಿಯಾಕಿ.

ಧಣಿ ನಿತ್ಯಾನಂದ ಮಂಡಲ. ಅವರ ಅಜ್ಜ
ಯಾವುದೋ ನದಿ ಬಿಟ್ಟು ರೈಲಿನಾಗ ಬಂದು
ಈ ಎರಿ ನೆಲಕ್ಕ ಇಳಿದಾಗ
ಮನಿ ಎಲ್ಲಿ ಅನಲಿಲ್ಲಂತ, ನೀರೆಲ್ಲಿ ಅಂದರಂತ.
ಕಾಲುವಿ ಬಂತು, ಭತ್ತ ಬಂತು,
ಗದ್ದಿ ಮಗ್ಗಲಿಗೆ ಹೊಂಡ, ಹೊಂಡದಾಗ ರೋಹು, ಕಾಟ್ಲಾ.
ನನ್ನ ಬಂಗಾಲಿಯಾಗ ಇನ್ನೂ ಬರೀ ಮೀನಿನ ಹೆಸರೇ ಅದಾವ.

ಮೊದಲೆಲ್ಲ ಮೇವು ಚೀಲದಾಗ ಬರತಿತ್ತು.
ಬಿಚ್ಚಿದರ ಸಮುದ್ರದ ನಾತ.
ಕರಾವಳಿಯ ಸಣ್ಣ ಬೂತಾಯಿ ಒಣಗಿಸಿ, ಪುಡಿ ಮಾಡಿ,
ಘಟ್ಟ ಹತ್ತಿಸಿ ತಂದು
ಮೀನಿಗೆ ಮೀನು ಉಣಿಸೂದು.
ಸಮುದ್ರ ಕಂಡಾಕಿ ಅಲ್ಲ ನಾನು.
ಬೊಗಸಿ ತುಂಬಿ ಒಗಿಯೂ ಮುಂದ
ಒಮ್ಮೊಮ್ಮೆ ಬೆರಳಿಗೆ ಒಂದು ಪೊರಿ ಅಂಟತಿತ್ತು,
ಒರಸಿದರೂ ಮಿಂಚತಿತ್ತು.

ಚೀಲದ ರೇಟು ಏರಿತು.
ಧಣಿಯ ನಾದಿನಿ ಬೀಥಿಕಾ, ಕಾಲೇಜು ಕಲಿತಾಕಿ,
ರಾಯಚೂರಿನಿಂದ ಬಸ್ಸಿನಾಗ ತೊಡಿ ಮ್ಯಾಲಿಟ್ಟುಕೊಂಡು
ಒಂದು ಬಾಟಲಿ ಹಸಿರು ನೀರು ತಂದಳು.
ಕಣ್ಣಿಗೆ ಕಾಣದ ಹಾವಸಿಯಂತ. ಹನಿಯಾಗ ಸಾವಿರ.
'ಇದಕ್ಕ ಏನು ಬೇಕವ್ವ?' 'ಬಿಸಿಲು.'
ನಕ್ಕುಬಿಟ್ಟೆ.
ನಮ್ಮ ಸೀಮಿಯಾಗ ನಿಂತು ಬಿಸಿಲು ಬೇಕಂದವರು
ಆಕಿ ಒಬ್ಬಾಕೀನ.

ಟಾರ್ಪಾಲಿನ ತೊಟ್ಟಿ, ಮೊಣಕಾಲುದ್ದ ನೀರು,
ಸೋಡಾ, ಉಪ್ಪು, ಹಗಲೆಲ್ಲ ತಿರುಗೋ ಗಾಲಿ.
ಹಳೇ ನೂಲಿನ ಸೀರಿ ಮೂರು ಮಡಿಕಿ ಮಾಡಿ ಸೋಸಿದರ
ಕೈಗೆ ಬರತಿತ್ತು ಹಸಿರು ಮುದ್ದಿ, ಮೆತ್ತಗ,
ಬಾಣಂತಿಗೆ ಅರೆದ ಔಷಧದಂಗ.
ತೌಡು, ಶೇಂಗಾ ಹಿಂಡಿ ಕಲಸಿ,
ಶಾವಗಿ ಒತ್ತಿನಾಗ ಒತ್ತಿ, ನೆರಳಿಗೆ ಒಣಗಿಸಿದೆ.

ಮೊದಲ ದಿನ ಮೀನು ಬಂದವು, ಬಾಯಾಗ ಹಾಕ್ಕೊಂಡವು,
ಹೊಸ ಸೊಸಿಯ ಸಾರು ಉಂಡ ಮಾವನಂಗ
ಉಗುಳಿ ತಿರುಗಿ ಹೋದವು.
ನಾಕನೇ ದಿನ ಹೊಂಡ ಕೊತಕೊತ ಕುದೀತು.
ಚೀಲದ ಮೇವು ಪೂರಾ ನಿಲ್ಲಲಿಲ್ಲ, ಕಾಲು ಪಾಲು ಉಳೀತು.
ಅಷ್ಟ ಉಳಿದದ್ದು, ಹೆಚ್ಚು ಹೇಳಬ್ಯಾಡ ಅಂದಳು ಬೀಥಿಕಾ.

ಚೈತ್ರದಾಗ ಗಾಳಿ ಎದ್ದು ಕಂಬ ಬಿದ್ದವು.
ಮೂರು ದಿನ ಕರೆಂಟಿಲ್ಲ, ಗಾಲಿ ನಿಂತಿತು.
ತೊಟ್ಟಿ ಹಳದಿಯಾತು, ಆಮ್ಯಾಲೆ ಕೊಳೆತ ತತ್ತಿ ನಾತ.
ರಾಯಚೂರಿನ ಬಾಟಲಿ ಎಂದೋ ಖಾಲಿಯಾಗಿತ್ತು.
ಬೀಥಿಕಾ ತೊಟ್ಟಿ ದಂಡಿಗೆ ಕುಂತು
ತನ್ನ ಭಾಷಾದಾಗ ಏನೋ ಅಂದಳು,
ತಿಳಿಯಲಿಲ್ಲ, ತಿಳೀತು.

ಆಗ ನೆನಪಾತು.
ಎರಡು ತಿಂಗಳ ಹಿಂದ, ಅವ್ವಗ ತೋರಿಸಬೇಕಂತ
ಉಪ್ಪಿನಕಾಯಿ ಬಾಟಲಿಯಾಗ ಒಂದಿಷ್ಟು ತುಂಬಿ ಒಯ್ದಿದ್ದೆ.
'ಹೊರಗ ಚೆಲ್ಲು ಅದನ್ನ' ಅಂದಿದ್ದಳು.

ಮನಿಗೆ ಓಡಿದೆ. ಹೊತ್ತು ಮುಳುಗಿತ್ತು.
ಪಡಸಾಲಿ ಕಿಟಕಿಯಾಗ ಬಾಟಲಿ,
ಕಡುಹಸಿರು, ನವಿಲು ಕೊರಳ ಬಣ್ಣ.
'ಚೆಲ್ಲಲಿಲ್ಲೇನವ್ವ?'
'ಉಸಿರಾಡತೈತಿ ಅದು, ಗುಳ್ಳಿ ನೋಡು.
ಮುಂಜಾನೆ ಈ ಕಿಟಕಿ, ಮಧ್ಯಾಹ್ನ ಆ ಕಟ್ಟಿ.
ದಿನಾ ನಾಕು ಸಲ ಅಲ್ಲಾಡಸತೀನಿ.
ನನಗೇನು ಬ್ಯಾರೆ ಕೆಲಸ?'
ಸೊಟ್ಟ ಮುಂಗೈಲೇ ಅಲ್ಲಾಡಿಸಿ ತೋರಿಸಿದಳು.

ಕೈ ಚಾಚಿದೆ. ಕೊಡಲಿಲ್ಲ.
'ದೀಪ ಹಚ್ಚಿದ ಮ್ಯಾಲೆ ಹೆಪ್ಪು ಹೊರಗ ಕೊಡಬಾರದು.
ನಾಳೆ ಒಯ್ಯಿ.
ಅರ್ಧ ಇಲ್ಲೇ ಬಿಟ್ಟು ಒಯ್ಯಿ.'

ಬೆಳಗಾತು. ಸೆರಗಿನಾಗ ಬಾಟಲಿ.
ಕಾಲುವಿಯ ಕಲ್ಲು ದಾಟೂ ಮುಂದ ಕಾಲಡಿ ತಣ್ಣಗ,
ನುಣ್ಣಗ ಹಾವಸಿ.
ಅಲ್ಲಿ ಮಾತ್ರ ಅವ್ವನ ಮಗಳಾಗಿ ನಡೆದೆ,
ಹೆಬ್ಬೆರಳು ಒತ್ತಿ, ಒತ್ತಿ.